ಕೆಂಪು ಬಣ್ಣ ನಿಷೇಧಿಸಿದ ಕಂಪನಿ

ಅರಬ್ಬಿಯಲ್ಲಿ ಬೀರ್ ಅಂದರೆ ಬಾವಿ. ಇದನ್ನು ಊರಿನವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಲತೇಶ್ ಸಾಲಿಯಾನನಿಗೆ ಪ್ರತಿ ರಜೆಯಲ್ಲೂ ಸಾಕುಸಾಕಾಗುತ್ತಿತ್ತು. 'ಬೀರ್ ಅಲ್ ಸಬರ್ ವೆಲ್ ಸರ್ವಿಸಸ್' ಎಂದು ಎದೆಯ ಮೇಲೆ ಬರೆದ ಟೀ ಶರ್ಟ್ ಹಾಕಿಕೊಂಡು ಮೂಲ್ಕಿ ಪೇಟೆಗೆ ಹೋದರೆ ಪರಿಚಯದವರು ಅಡ್ಡ ಹಾಕಿ, "ಕತಾರಿನಲ್ಲಿ ಬೀರಿನ ಕಂಪನಿಯಾ? ನಮಗೂ ಒಂದು ವೀಸಾ ಮಾಡಿಸು ಮಾರಾಯ" ಎನ್ನುತ್ತಿದ್ದರು. ಹೆಸರಿನ ಅರ್ಥ ಸಹನೆಯ ಬಾವಿ ಎಂದು. ಆದರೆ ಹೆಸರಿಟ್ಟ ಮಾಲಿಕ ಮಹಮೂದ್ ಸಾಹೇಬರಲ್ಲಿ ಸಹನೆ ಎಂಬುದು ಹುಡುಕಿದರೂ ಸಿಗುತ್ತಿರಲಿಲ್ಲ.

ಕಂಪನಿಯ ಕೆಲಸವನ್ನು ವಿವರಿಸುವುದು ಕಷ್ಟವೇನಲ್ಲ. ಎಣ್ಣೆಬಾವಿಗಳಿಗೂ ಮನುಷ್ಯರ ಹಾಗೆ ಮಲಬದ್ಧತೆ ಆಗುತ್ತದೆ. ಆಳದಲ್ಲಿ ಮರಳು, ಮೇಣ, ಏನೇನೋ ಕಟ್ಟಿಕೊಂಡು ಎಣ್ಣೆ ಮೇಲೆ ಬರುವುದು ನಿಲ್ಲುತ್ತದೆ. ಆಗ ದೊಡ್ಡ ರಾಟೆಗೆ ಸುತ್ತಿಟ್ಟ, ಮೈಲುಗಟ್ಟಲೆ ಉದ್ದದ ಸಪೂರ ಉಕ್ಕಿನ ಪೈಪನ್ನು ಬಾವಿಯೊಳಗೆ ಇಳಿಸಿ, ಒತ್ತಡದಲ್ಲಿ ನೀರನ್ನೋ ಆಸಿಡನ್ನೋ ಬಿಟ್ಟು ಹೊಟ್ಟೆ ತೊಳೆಯಬೇಕು. ಕಾಗದದ ಮೇಲೆ ಇದಕ್ಕೆ ದೊಡ್ಡ ಇಂಗ್ಲಿಷ್ ಹೆಸರಿದೆ. ದೋಹಾದ ಕೈಗಾರಿಕಾ ಪ್ರದೇಶವಾದ ಸನಾಯ್ಯಾದಲ್ಲಿದ್ದ ಕಂಪನಿಯ ಯಾರ್ಡಿನಲ್ಲಿ ಎಲ್ಲರೂ ಎನಿಮಾ ಎಂದೇ ಕರೆಯುತ್ತಿದ್ದರು. ಈ ಪೈಪಿನಲ್ಲಿ ಒಂದೇ ತೊಂದರೆ. ಸುತ್ತಿ, ಬಿಚ್ಚಿ, ಬಗ್ಗಿ, ನೆಟ್ಟಗಾಗಿ ಅದು ಒಳಗೊಳಗೇ ದಣಿಯುತ್ತದೆ. ಹೊರಗಿನಿಂದ ನೋಡಿದರೆ ಹೊಳೆಯುತ್ತಲೇ ಇರುತ್ತದೆ. ಎಷ್ಟು ದಣಿದಿದೆ ಎಂದು ಅಳೆಯಲು ಒಂದು ಸಾಫ್ಟ್‌ವೇರ್ ಇದೆ. ಆಯುಸ್ಸು ಮುಗಿಯುತ್ತ ಬಂದರೆ ಪರದೆಯ ಮೇಲೆ ಕೆಂಪು ಬಣ್ಣ ಬರುತ್ತದೆ. ಆಗ ಪೈಪನ್ನು ಗುಜರಿಗೆ ಹಾಕಿ ಹೊಸದನ್ನು ಸುತ್ತಬೇಕು, ಅಷ್ಟೇ.

ಲತೇಶ್ ಅಲ್ಲಿ ಆಪರೇಷನ್ಸ್ ಮ್ಯಾನೇಜರ್. ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದಿದವನು, ತಲೆ ಚುರುಕು, ಬೆನ್ನುಮೂಳೆ ಮಾತ್ರ ಸ್ವಲ್ಪ ಮೆತ್ತಗೆ. ಸಾಹೇಬರ ಕಾಲದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಸಾಹೇಬರು ಯಾರ್ಡಿನ ಪೋರ್ಟಾ ಕ್ಯಾಬಿನ್ನಿನಲ್ಲಿ ಕೂತು, ಕರಕ್ ಚಹಾ ಕುಡಿಯುತ್ತ, ಕಣ್ಣಿಗೆ ಬಿದ್ದವರನ್ನೆಲ್ಲ ಬೈಯುತ್ತಿದ್ದರು. ಯಾರಾದರೂ "ಮಾಫಿ ಮುಮ್ಕಿನ್, ಸಾಹೇಬ್, ಆಗುವುದಿಲ್ಲ" ಎಂದರೆ ಚಹಾದ ಕಪ್ಪನ್ನು ಗೋಡೆಗೆ ಎಸೆಯುತ್ತಿದ್ದರು. ಎಸೆದ ಮೇಲೆ "ಯಾಕೆ ಆಗುವುದಿಲ್ಲ, ಹೇಳು" ಎಂದು ಕೂರಿಸಿಕೊಂಡು ಪೂರ್ತಿ ಕೇಳುತ್ತಿದ್ದರು. ಗೋಡೆಗೆ ಪದೇ ಪದೇ ಬಣ್ಣ ಬಳಿಯಬೇಕಾಗಿ ಬಂದರೂ ಬಾವಿಗಳ ಹತ್ತಿರ ಯಾರಿಗೂ ಅಪಾಯ ಆಗಲಿಲ್ಲ.

ಆಮೇಲೆ ಸಾಹೇಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ಇನ್ನು ಮುಂದೆ ಕಿರುಚಬಾರದು ಎಂದು ಡಾಕ್ಟರು ಹೇಳಿದರು. ಕಿರುಚದೆ ಕಂಪನಿ ನಡೆಸುವುದು ಹೇಗೆ ಎಂದು ಸಾಹೇಬರಿಗೆ ಗೊತ್ತಿರಲಿಲ್ಲ. ಹಾಗಾಗಿ ಅವರು ಮನೆಯಲ್ಲಿ ಗಿಡುಗ ಸಾಕಿಕೊಂಡು ಕೂತರು. ಕಂಪನಿಗೆ ನೈಜೆಲ್ ಲೋಬೋ ಬಂದ.

ನೈಜೆಲ್ ಮಂಗಳೂರು ಬೆಂದೂರಿನವನು. ದೋಹಾದಲ್ಲಿ ಹೈಪರ್ ಮಾರ್ಕೆಟ್‌ಗಳನ್ನು ನಡೆಸಿ ಹೆಸರು ಮಾಡಿದವನು. ಅವಧಿ ಮುಗಿಯುತ್ತ ಬಂದ ಮೊಸರನ್ನು ಸೌತೆಕಾಯಿಯ ಜೊತೆ ಕಟ್ಟಿ 'ಬೇಸಿಗೆ ಕಾಂಬೋ' ಎಂದು ಮಾರಿದ್ದು ಆ ವಲಯದಲ್ಲಿ ದಂತಕಥೆ. ಒಳ್ಳೆಯ ಮನುಷ್ಯನೇ. ಯಾರ ಹುಟ್ಟುಹಬ್ಬವನ್ನೂ ಮರೆಯುತ್ತಿರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷು, ಖುಷಿಯಾದರೆ ಕನ್ನಡ. ತುಳುವಿಗೆ ಇಳಿದನೆಂದರೆ ಎದುರಿನವರಿಂದ ಏನೋ ಆಗಬೇಕಾಗಿದೆ ಎಂದು ಅರ್ಥ.

ಬಂದ ತಿಂಗಳಲ್ಲೇ ಅವನು ಮುಖ್ಯ ಕಚೇರಿಯನ್ನು ಲುಸೈಲಿನ ಗಾಜಿನ ಗೋಪುರಕ್ಕೆ ಸಾಗಿಸಿದ. ಅಲ್ಲಿಂದ ಸಮುದ್ರ ಕಾಣುತ್ತಿತ್ತು, ಯಾರ್ಡ್ ಕಾಣುತ್ತಿರಲಿಲ್ಲ. ಎರಡೂ ಅವನಿಗೆ ಹಿತವಾಗಿದ್ದವು. ಕಂಪನಿಗೆ ತಿಳಿನೇರಳೆ ಬಣ್ಣದ ಹೊಸ ಲೋಗೋ ಬಂತು. ಬಾವಿ ತೊಳೆಯುವವರಿಗೆಲ್ಲ ಮುಗುಳ್ನಗುವ ತರಬೇತಿ ಏರ್ಪಾಡಾಯಿತು. ಪೈಪಿನ ರಾಟೆ, ಪಂಪು ಹೊತ್ತ ಕಾಯಿಲ್ ಯೂನಿಟ್ಟುಗಳು ಕಂಪನಿಗೆ ಎರಡಿದ್ದವು. ಎರಡನೆಯದರ ಸೂಪರ್‌ವೈಸರ್ ಉಳ್ಳಾಲದ ನವಾಝ್, ಬಿಸಿಲಿಗೆ ಸುಟ್ಟು ಕರಕಲಾದ ಮುಖದವನು, ಲುಸೈಲಿನ ತಣ್ಣನೆ ಕೋಣೆಯಲ್ಲಿ ಇಡೀ ದಿನ ಕನ್ನಡಿ ಹಿಡಿದು ನಕ್ಕು ಬಂದ.

"ಲತೇಶಣ್ಣ," ಎಂದ ಸಂಜೆ, "ಸೈಟಲ್ಲಿ ವಿಷದ ಗ್ಯಾಸಿಗೆ ಅಂತ ನಾವು ಮುಖಕ್ಕೆ ಮಾಸ್ಕ್ ಹಾಕ್ತೇವಲ್ಲ. ಆಚೆಯಿಂದ ನಗು ಯಾರಿಗೆ ಕಾಣುದು?"

"ಸುಮ್ಮನೆ ನಗು ಮಾರಾಯ," ಎಂದ ಲತೇಶ್. "ನಗ್ಲಿಕ್ಕೆ ಎಂತ ಖರ್ಚಾಗ್ತದೆ?"

ನಂತರ ನೈಜೆಲ್ ಯಾರ್ಡಿಗೆ ಭೇಟಿ ಕೊಟ್ಟ. ಮೂಲೆಯಲ್ಲಿ ಟಾರ್ಪಾಲು ಹೊದಿಸಿಟ್ಟ ಒಂದು ಹೊಸ ಪೈಪಿನ ರಾಟೆ ಕಂಡಿತು.

"ಇದೆಂತದು ಮಲಗಿರುದು?"

"ಸ್ಪೇರ್, ಸರ್. ಹಳೆಯದು ಮುಗಿದ ಕೂಡಲೇ ಬೇಕಾಗ್ತದೆ. ಆರ್ಡರ್ ಕೊಟ್ಟರೆ ಹಡಗಿನಲ್ಲಿ ಬರುವಷ್ಟರಲ್ಲಿ ವರ್ಷ ಕಳೀತದೆ."

"ಲತೇಶ್, ಮೈ ಫ್ರೆಂಡ್, ಶೆಲ್ಫಿನಲ್ಲಿ ಮಲಗಿದ ಮಾಲು ಕೊಳೀತದೆ."

ಉಕ್ಕು ಮೊಸರಲ್ಲ ಎಂದು ಹೇಳಲು ಲತೇಶ್ ಬಾಯಿ ತೆರೆದ. ಆದರೆ ಬಾಯಿಯಿಂದ ಬಂದದ್ದು "ಸರಿ ಸರ್" ಎಂಬ ಎರಡು ಪದ. ಅಲ್ ವುಕೈರಿನಲ್ಲಿ ಬಾಲ್ಕನಿ ಇರುವ ಫ್ಲಾಟು, ಇಬ್ಬರು ಹೆಣ್ಣುಮಕ್ಕಳ ಶಾಲೆ, ಅವರ ಈಜು ಕ್ಲಾಸು ಎಲ್ಲವೂ ಆ ಎರಡು ಪದಗಳ ಮೇಲೆ ನಿಂತಿದ್ದವು. ಸ್ಪೇರ್ ಪೈಪು ಮಾರಾಟವಾಗಿ ಪೈಪೋಟಿ ಕಂಪನಿಯ ಲಾರಿ ಏರಿತು. ಗೇಟ್ ಪಾಸಿಗೆ ಸಹಿ ಹಾಕಿದವನು ಲತೇಶನೇ.

ಈ ಒಳ್ಳೆಯ ನಡತೆಗೆ ಬಹುಮಾನವಾಗಿ ನೈಜೆಲ್ ಅವನನ್ನು 'ಚೀಫ್ ವಿಸ್ಡಮ್ ಆಫೀಸರ್' ಮಾಡಿ ಲುಸೈಲಿನಲ್ಲಿ ಒಂದು ಕೋಣೆ ಕೊಟ್ಟ. ಕೋಣೆಯಲ್ಲಿ ಬೀನ್ ಬ್ಯಾಗ್ ಇತ್ತು, ಮೇಜು ಇರಲಿಲ್ಲ. ಮನೆಗೆ ಬಂದು ಹೊಸ ಹುದ್ದೆಯ ಹೆಸರು ಹೇಳಿದಾಗ ಹೆಂಡತಿ ಭವ್ಯಶ್ರೀ ಅಕ್ಕಿ ತೊಳೆಯುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಅವಳು ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಶಿಯನ್. ಇನ್ನೊಬ್ಬರ ರಕ್ತದಲ್ಲಿ ಏನಿದೆ ಎಂದು ನೋಡಿ ನೋಡಿ ಮುಖದಾಕ್ಷಿಣ್ಯವಿಲ್ಲದೆ ಮಾತಾಡುವ ಅಭ್ಯಾಸವಾಗಿತ್ತು.

"ನಿಮ್ಮ ವಿಸ್ಡಮ್ ಹಲ್ಲನ್ನು ಕಳೆದ ವರ್ಷವೇ ಕೀಳಿಸಿ ಆಯ್ತಲ್ಲ ಮಾರಾಯ್ರೆ. ಈಗ ಎಲ್ಲಿಂದ ಬಂತು?"

ಬೇಸಗೆ ಬರುವ ಹೊತ್ತಿಗೆ ಎರಡನೇ ಯೂನಿಟ್ಟಿನ ಪೈಪು ಪರದೆಯ ಮೇಲೆ ಕೆಂಪಾಯಿತು. ಸೋಮವಾರದ ಮೀಟಿಂಗಿನಲ್ಲಿ ಗೋಡೆಯಗಲದ ಟಿವಿಯಲ್ಲಿ ತಿಳಿನೇರಳೆಯ ನಡುವೆ ಆ ಒಂದು ಕೆಂಪು ಪಟ್ಟಿ ಎದ್ದು ಕಂಡಿತು.

"ಅದೆಂತ ಕೆಂಪು?" ನೈಜೆಲ್ ಹುಬ್ಬು ಗಂಟಿಕ್ಕಿದ.

"ಪೈಪಿನ ಆಯುಸ್ಸು ಮುಗೀತಾ ಬಂತು ಸರ್. ಬದಲಾಯಿಸ್ಬೇಕು."

"ತೂತು ಬಿದ್ದಿದೆಯಾ?"

"ಇಲ್ಲ. ಬೀಳುವ ಮೊದಲು ಬದಲಾಯಿಸುದು."

"ತೂತಿಲ್ಲ, ತುಕ್ಕಿಲ್ಲ, ಕನ್ನಡಿ ಹಾಗೆ ಹೊಳೀತಾ ಉಂಟು. ಲತೇಶ್, ಡೇಟ್ ಮುಗಿದ ಮರುದಿನ ಮೊಸರು ತಿಂದು ಯಾರೂ ಸತ್ತದ್ದನ್ನು ನಾನು ನೋಡಿಲ್ಲ. ಮತ್ತೆ ಈ ಕೆಂಪು ಬಣ್ಣ ನಮ್ಮ ಬ್ರ್ಯಾಂಡಿನಲ್ಲೇ ಇಲ್ಲ. ನೆಗೆಟಿವ್ ಎನರ್ಜಿ. ಯಾರಾದ್ರೂ ತೆಗೀರಿ ಅದನ್ನು."

ಐಟಿಯವರು ತೆಗೆದರು. ಮರುದಿನದಿಂದ ಅಪಾಯವೂ ತಿಳಿನೇರಳೆಯಲ್ಲೇ ಕಾಣತೊಡಗಿತು. ಸುರಕ್ಷೆಯೂ ತಿಳಿನೇರಳೆಯಲ್ಲೇ ಇದ್ದುದರಿಂದ ಯಾರಿಗೂ ಗೊಂದಲವಾಗಲಿಲ್ಲ. ಯಾರ್ಡಿನ ಅಗ್ನಿಶಾಮಕ ಡಬ್ಬಗಳಿಗೂ ಬಣ್ಣ ಬಳಿಯಬೇಕೆಂಬ ಆದೇಶ ಬಂತು. ಸಿವಿಲ್ ಡಿಫೆನ್ಸಿನವರು ಬಿಡುವುದಿಲ್ಲ ಎಂದು ಯಾರೋ ಹೇಳಿದ ಮೇಲೆ ಅದೊಂದು ತಪ್ಪಿತು.

ಅಷ್ಟರಲ್ಲಿ ದೊಡ್ಡ ಕೆಲಸವೊಂದು ಬಂತು. ದುಖಾನ್ ಕಡೆಯ ಆಳದ ಗ್ಯಾಸ್ ಬಾವಿ. ಒಳಗೆ ವಿಷಾನಿಲ, ಒಂದೆರಡು ಬಾರಿ ಉಸಿರಿಗೆ ಹೋದರೆ ಮೂರನೆಯ ಉಸಿರಿನ ಅಗತ್ಯವೇ ಬೀಳುವುದಿಲ್ಲ. ಒಂದನೇ ಯೂನಿಟ್ ಸಮುದ್ರದಲ್ಲಿ ಬೇರೆ ಕೆಲಸದಲ್ಲಿತ್ತು. ನೈಜೆಲ್ ಲತೇಶನ ಹೆಗಲ ಮೇಲೆ ಕೈಯಿಟ್ಟು ತುಳುವಿನಲ್ಲಿ ಮಾತು ಶುರು ಮಾಡಿದ. ಮನೆಯವರ ಆರೋಗ್ಯ, ಊರಿನ ಮಳೆ ಎಲ್ಲ ವಿಚಾರಿಸಿ ಕೊನೆಗೆ, ಎರಡನೇ ಯೂನಿಟ್ ಕಳಿಸಲು ಒಂದು ಸಹಿ ಬೇಕಿತ್ತು ಎಂದ. ಹುದ್ದೆಯ ಹೆಸರು ಬದಲಾದರೂ ಆ ಸಹಿ ಇನ್ನೂ ಲತೇಶನದೇ ಆಗಿತ್ತು.

"ನೋಡ್ತೇನೆ ಸರ್," ಎಂದ ಲತೇಶ್. 'ಸರಿ ಸರ್' ಅನ್ನದಿದ್ದುದೇ ದೊಡ್ಡ ಬಂಡಾಯವೆಂದು ಅವನಿಗೆ ಮೈ ಬೆವರಿತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬಂಗುಡೆ ಪುಳಿಮುಂಚಿ ಇತ್ತು. ಅವನು ಮೀನನ್ನು ಕೆದಕುತ್ತ ಕೂತಿದ್ದನೇ ಹೊರತು ತಿನ್ನಲಿಲ್ಲ. ಭವ್ಯಶ್ರೀ ವಿಷಯವನ್ನು ಬಾಯಿ ಬಿಡಿಸಿದಳು.

"ಆ ಪೈಪು ಒಡೆದ್ರೆ ಹತ್ತಿರ ಯಾರಿರುದು?"

"ನವಾಝ್. ಅವನ ಹುಡುಗರು."

"ಮತ್ತೆ ನಹ್ಲಾಗೆ ಫೋನ್ ಮಾಡಿ ಹೇಳುದು ಯಾರು? ನೀವಾ, ನೈಜೆಲಾ? ಕಳೆದ ಈದಿಗೆ ಅವಳು ಮಾಡಿದ ಬಿರಿಯಾನಿಯನ್ನು ಮೂರು ಸಲ ಹಾಕಿಸಿಕೊಂಡು ತಿಂದವರು ನೀವು." ನವಾಝನ ಹೆಂಡತಿ ನಹ್ಲಾ ಅವಳ ಗೆಳತಿ.

"ನಾನು ಬೇಡ ಅಂದ್ರೆ ನನ್ನನ್ನು ತೆಗೆದು ಬೇರೆಯವನಿಂದ ಸಹಿ ಹಾಕಿಸ್ತಾನೆ. ಪೈಪು ಹೇಗೂ ಹೋಗ್ತದೆ."

"ಅದು ನಿಜವಾ, ಅಥವಾ ನಿಮಗೆ ಹೆದರಿಕೆಯಾ?"

ಲತೇಶನಿಗೆ ಎರಡೂ ಹೌದು ಅನ್ನಿಸಿತ್ತು. ಯಾವುದು ಹೆಚ್ಚು ಎಂದು ಅವನಿಗೇ ತಿಳಿಯಲಿಲ್ಲ.

ದಾರಿ ತೋರಿಸಿದವನು ನೈಜೆಲ್. ಹೊಸ ಲೋಗೋದ ಅಧಿಕೃತ ಬಿಡುಗಡೆಗೆ ಅದ್ದೂರಿ ಸಮಾರಂಭ ಮಾಡಬೇಕು, ಕ್ಲೈಂಟಿನವರನ್ನು ಕರೆಯಬೇಕು, ಏನಾದರೂ 'ವಾವ್' ಆಗಬೇಕು ಎಂದು ಮೀಟಿಂಗಿನಲ್ಲಿ ಹೇಳಿದ. ಲತೇಶ್ ಅಲ್ಲೂ ಹಾಕಿದ್ದ ಬೀನ್ ಬ್ಯಾಗಿನಿಂದ ಕಷ್ಟಪಟ್ಟು ಎದ್ದು ನಿಂತ.

"ಸರ್, ಯಾರ್ಡಿನಲ್ಲೇ ಲೈವ್ ಡೆಮೋ ಇಡುವ. ಎರಡನೇ ಯೂನಿಟ್ ದುಖಾನಿಗೆ ಹೋಗುವ ಮೊದಲು ಫುಲ್ ಪ್ರೆಶರಿನಲ್ಲಿ ನೀರು ಬಿಟ್ಟು ತೋರಿಸುವ. ಹೇಗೂ ಟೆಸ್ಟ್ ಮಾಡ್ಬೇಕಲ್ಲ."

"ಬ್ರಿಲಿಯಂಟ್!" ನೈಜೆಲ್ ಅವನನ್ನು ತಬ್ಬಿಕೊಂಡೇ ಬಿಟ್ಟ. "ನೋಡಿ, ಇದಕ್ಕೇ ವಿಸ್ಡಮ್ ಅನ್ನುದು!"

ಅಂದೇ ಲತೇಶ್ ಸನಾಯ್ಯಾಕ್ಕೆ ಹೋಗಿ ನವಾಝನಿಗೆ ಎಲ್ಲವನ್ನೂ ಹೇಳಿದ. ನವಾಝ್ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಕೇಳಿಸಿಕೊಂಡ.

"ಒಡೀಲಿಕ್ಕೂ ಸಾಕು, ಅಲ್ವಾ?"

"ಸಾಕು. ಇಲ್ಲಿ ಒಡೆದ್ರೆ ಬರೀ ನೀರು. ಜನರನ್ನು ದೂರ, ಆ ಕಂಟೇನರುಗಳ ಹಿಂದೆ ನಿಲ್ಲಿಸುವ. ನೀನು ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಒಳಗೇ ಇರು."

"ಲತೇಶಣ್ಣ, ಇಷ್ಟೆಲ್ಲ ನಾಟಕ ಯಾಕೆ? ಸಹಿ ಹಾಕುದಿಲ್ಲ ಅಂದ್ರೆ ಮುಗೀತಲ್ಲ. ಖಲಾಸ್."

"ನಿನಗೆ ಗೊತ್ತಾಗುದಿಲ್ಲ, ಬಿಡು."

ನವಾಝ್ ತರಬೇತಿಯಲ್ಲಿ ಕಲಿತ ಮುಗುಳ್ನಗೆಯನ್ನು ಅವನ ಮುಂದೆ ಪೂರ್ತಿಯಾಗಿ ಪ್ರದರ್ಶಿಸಿ, ಹಿಂದಿರುಗಿ ಹೋದ.

ಸಮಾರಂಭದ ದಿನ ಯಾರ್ಡಿನ ಗುರುತೇ ಸಿಗುತ್ತಿರಲಿಲ್ಲ. ನೆಲಕ್ಕೆ ಕಾರ್ಪೆಟ್ಟು, ಗೇಟಿಗೆ ಗಾಳಿ ತುಂಬಿದ ತಿಳಿನೇರಳೆ ಕಮಾನು, ಡೇರೆಯೊಳಗೆ ಮಜ್ಬೂಸು ಎಂಬ ಮಾಂಸದನ್ನ ಮತ್ತು ಮೀನಿನ ತಟ್ಟೆಗಳು, ಪಿಟೀಲು ನುಡಿಸುವ ಇಬ್ಬರು ಹುಡುಗಿಯರು. ಕ್ಲೈಂಟಿನ ಕಡೆಯಿಂದ ಹಿರಿಯ ಇಂಜಿನಿಯರ್ ಬಂದಿದ್ದ. ಅಲ್ಜೀರಿಯಾದವನು, ಮಾತು ಕಡಿಮೆ. ಮಹಮೂದ್ ಸಾಹೇಬರೂ ಊರುಗೋಲು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತರು. ಮುಂದಿನ ಸಾಲೆಂದರೆ ಕಂಟೇನರುಗಳ ಹಿಂದಿನ ಸಾಲು. ಅಲ್ಲಿಂದ ಏನು ಕಾಣುತ್ತದೆ ಎಂದು ನೈಜೆಲ್ ಗೊಣಗಿದಾಗ ಲತೇಶ್ ದೊಡ್ಡ ಪರದೆಯೊಂದನ್ನು ತರಿಸಿ ನಿಲ್ಲಿಸಿದ್ದ.

ನೈಜೆಲ್ ಭಾಷಣ ಮಾಡಿದ. ಬಾವಿಯೂ ಒಬ್ಬ ಗ್ರಾಹಕನೇ ಎಂದ. ಪಂಪು ಶುರುವಾಯಿತು. ರಾಟೆ ತಿರುಗಿತು. ಒತ್ತಡ ಏರುತ್ತ ಹೋದಂತೆ ಪಿಟೀಲಿನ ಹುಡುಗಿಯರೂ ಶ್ರುತಿ ಏರಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ತನ್ನ ಅಂದಾಜೇ ತಪ್ಪಿತೇ, ಪೈಪು ಗಟ್ಟಿಯೇ ಇದೆಯೇ ಎಂದು ಲತೇಶನಿಗೆ ಗಾಬರಿಯಾಯಿತು. ಇಲ್ಲಿ ಬದುಕಿ ದುಖಾನಿನಲ್ಲಿ ಸತ್ತರೆ ಏನು ಗತಿ?

ಆಗ ಪೈಪಿನ ಮೈಯಿಂದ ಸೂಜಿಯಷ್ಟು ಸಣ್ಣ ನೀರಿನ ಗೆರೆಯೊಂದು ಹಾರಿತು. ಬಿಸಿಲಿಗೆ ಹೊಳೆಯುತ್ತ ಅದು ಪರದೆಯ ಮೇಲೆ ಚೆಂದವೇ ಕಂಡಿತು. ಇದೂ ಕಾರ್ಯಕ್ರಮದ ಭಾಗವೆಂದು ಕೆಲವರು ಚಪ್ಪಾಳೆ ತಟ್ಟಿದರು. ಗೆರೆ ಗಾಳಿಯ ಕಮಾನಿಗೆ ತಾಗಿತು. ಕಮಾನು ಚೂರಿಯಿಂದ ಸೀಳಿದಂತೆ ಎರಡಾಗಿ, ಅಸಹ್ಯವಾದ ದೀರ್ಘ ಸದ್ದು ಮಾಡುತ್ತ ನೆಲಕ್ಕೆ ಕುಸಿಯಿತು. ಹಿಂದೆಯೇ ಠಣ್ ಎಂದು ಪೈಪು ತುಂಡಾಯಿತು. ನವಾಝ್ ಪಂಪು ನಿಲ್ಲಿಸುವಷ್ಟರಲ್ಲಿ ಆಕಾಶಕ್ಕೆ ಹಾರಿದ ನೀರೆಲ್ಲ ಡೇರೆಯ ಮೇಲೆ ಸುರಿದು, ಡೇರೆ ಮಜ್ಬೂಸಿನ ಮೇಲೆ ಕೂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಪಿಟೀಲಿನ ಹುಡುಗಿಯರು ಒದ್ದೆಯಾಗಿ, ಏನು ಮಾಡಬೇಕೆಂದು ತಿಳಿಯದೆ, ನುಡಿಸುತ್ತಲೇ ಇದ್ದರು.

ಅಲ್ಜೀರಿಯಾದ ಇಂಜಿನಿಯರ್ ಕನ್ನಡಕ ಒರೆಸಿಕೊಂಡ. ಕೋಪವೇನೂ ಇರಲಿಲ್ಲ. ಟೆಸ್ಟಿನಲ್ಲಿ ಒಡೆದರೆ ಒಳ್ಳೆಯದೇ ಆಯಿತು, ಟೆಸ್ಟ್ ಇರುವುದೇ ಅದಕ್ಕೆ ಎಂದ. ಆಮೇಲೆ ಮೆತ್ತಗೆ ಕೇಳಿದ:

"ನಿಮ್ಮ ಸ್ಪೇರ್ ಪೈಪು ಎಲ್ಲಿದೆ?"

ನೈಜೆಲ್ ಲತೇಶನನ್ನು ನೋಡಿದ. ಲತೇಶ್ ತನ್ನ ಬೂಟುಗಳನ್ನು ನೋಡಿಕೊಂಡ.

"ಈ ಪೈಪಿನ ಸ್ಥಿತಿ ಸಿಸ್ಟಮಿನಲ್ಲಿ ಏನು ತೋರಿಸುತ್ತಿತ್ತು?"

ದೊಡ್ಡ ಪರದೆ ಎದುರಿಗೇ ಇತ್ತು. ಯಾರೋ ಡ್ಯಾಶ್‌ಬೋರ್ಡ್ ತೆರೆದರು. ತುಂಡಾಗಿ ಬಿದ್ದಿದ್ದ ಪೈಪು ಅಲ್ಲಿ ತಿಳಿನೇರಳೆಯಲ್ಲಿ ಪ್ರಶಾಂತವಾಗಿ ಹೊಳೆಯುತ್ತಿತ್ತು. ಇಂಜಿನಿಯರ್ ಅದನ್ನು ನೋಡಿದ, ತಲೆಯಾಡಿಸಿದ, ಸಾಹೇಬರಿಗೆ ಮಾತ್ರ ಸಲಾಂ ಹೇಳಿ ಕಾರು ಹತ್ತಿದ. ಅದರ ಮುಂದಿನ ವಾರವೇ ಕಾಂಟ್ರ್ಯಾಕ್ಟ್ ರದ್ದಾಯಿತು. ದೋಹಾದ ಕ್ಲೈಂಟುಗಳೆಲ್ಲ ಒಂದೇ ಕಡೆ ಕಾಫಿ ಕುಡಿಯುವುದರಿಂದ ಉಳಿದವೂ ಒಂದೊಂದಾಗಿ ಹೋದವು.

ಜನರೆಲ್ಲ ಚದುರಿದ ಮೇಲೆ ಸಾಹೇಬರು ಲತೇಶನನ್ನು ಹತ್ತಿರ ಕರೆದರು. ಹಳೆಯ ಪೋರ್ಟಾ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಹಿಂದಿ, ಅರಬ್ಬಿ, ಇಂಗ್ಲಿಷು ಕಲಸಿದ ಭಾಷೆ ಅವನಿಗೆ ಅಭ್ಯಾಸವಾಗಿತ್ತು.

"ನಿನಗೆ ಗೊತ್ತಿತ್ತು ಅಲ್ಲವಾ?"

"ಗೊತ್ತಿತ್ತು ಸಾಹೇಬ್."

"ಗೊತ್ತಿದ್ದೇ ಇಲ್ಲಿ ಒಡೆಸಿದೆ."

"ಹೌದು."

ಕಿರುಚುತ್ತಾರೆ ಎಂದು ಲತೇಶ್ ಕಾದ. ಕಿರುಚಿದ್ದರೆ ಹಗುರವಾಗುತ್ತಿತ್ತು. ಸಾಹೇಬರು ಎದೆಯ ಮೇಲೆ ಕೈಯಿಟ್ಟುಕೊಂಡು ಸಮಾಧಾನದಲ್ಲೇ ಹೇಳಿದರು: "ಹುಡುಗರು ಉಳಿದರು, ದೇವರಿಗೆ ಶುಕ್ರ್. ಆದರೆ ನನಗೆ ಒಂದು ಫೋನ್ ಮಾಡಬಹುದಿತ್ತಲ್ಲ. ನಾನು ಮನೆಯಲ್ಲಿ ಗಿಡುಗದ ಜೊತೆ ಮಾತಾಡಿಕೊಂಡು ಕೂತಿದ್ದೆ."

ಲತೇಶ್ ಬೇಕಾದಷ್ಟು ಕಾರಣಗಳನ್ನು ನೆನಪು ಮಾಡಿಕೊಂಡ. ಸಾಹೇಬರ ಆರೋಗ್ಯ, ಡಾಕ್ಟರರ ಮಾತು, ನೈಜೆಲನ ಅಧಿಕಾರ. ಒಂದೂ ನಿಜವಾದ ಕಾರಣವಾಗಿರಲಿಲ್ಲ. ಫೋನ್ ಮಾಡಬೇಕೆಂದು ತನಗೆ ಒಮ್ಮೆಯೂ ಹೊಳೆದಿರಲಿಲ್ಲ ಎಂಬುದೇ ಅವನಿಗೆ ಆಗ ತಿಳಿದದ್ದು.

ಬೀರ್ ಅಲ್ ಸಬರ್ ಚಳಿಗಾಲದ ಹೊತ್ತಿಗೆ ಮುಚ್ಚಿತು. ಲುಸೈಲಿನ ಕೋಣೆಯಲ್ಲಿ ಈಗ ಚರ್ಮದ ಕಾಂತಿಯ ಕ್ಲಿನಿಕ್ ಇದೆ. ನೈಜೆಲನಿಗೆ ಇನ್ನೂ ದೊಡ್ಡ ಕೆಲಸ ಸಿಕ್ಕಿತು. ಕಷ್ಟದಲ್ಲಿರುವ ಕಂಪನಿಗಳಿಗೆ ಬದಲಾವಣೆಯ ಬಗ್ಗೆ ಸಲಹೆ ಕೊಡುತ್ತಾನೆ. ಹೊರಡುವ ದಿನ ಅವನು ಎಲ್ಲರನ್ನೂ ಅಪ್ಪಿಕೊಂಡು ನಿಜವಾಗಿಯೇ ಅತ್ತ. ತಾನು ಎಲ್ಲಿ ತಪ್ಪಿದೆ ಎಂದು ಅವನಿಗೆ ಕೊನೆಗೂ ಅರ್ಥವಾಗಲಿಲ್ಲ. ಹೇಳಬೇಕಾದವರು ಯಾರೂ ಹೇಳಿರಲೂ ಇಲ್ಲ. ನವಾಝನನ್ನು ಆ ಸ್ಪೇರ್ ಪೈಪು ಕೊಂಡ ಕಂಪನಿಯೇ ಕರೆದು ಕೆಲಸ ಕೊಟ್ಟಿತು. ಊರಿನಿಂದ ಬಂದು ಕಂಪನಿಯಲ್ಲಿದ್ದ ಹುಡುಗರಲ್ಲಿ ಕೆಲವರು ಕೆಲಸವಿಲ್ಲದೆ ಮರಳಿ ಹೋದರು. ಮಂಗಳೂರು ವಿಮಾನ ಹತ್ತುವಾಗ ಅವರಲ್ಲೊಬ್ಬ ಲತೇಶನ ಕೈ ಕುಲುಕಲಿಲ್ಲ.

ಲತೇಶನ ಸಂಸಾರ ಅಲ್ ವುಕೈರ್ ಬಿಟ್ಟು ಅಲ್ ಹಿಲಾಲಿನ ಹಳೆಯ ಕಟ್ಟಡವೊಂದರ ಸಣ್ಣ ಮನೆಗೆ ಬಂತು. ಭವ್ಯಶ್ರೀ ಎರಡು ಪಾಳಿ ಮಾಡಿದಳು. ಮಕ್ಕಳು ಅಪ್ಪನಿಗೆ ಇಂಗ್ಲಿಷಿನಲ್ಲಿ ಧೈರ್ಯ ಹೇಳಿದರು. ತಿಂಗಳುಗಟ್ಟಲೆ ಅಲೆದ ಮೇಲೆ ಅವನಿಗೆ ವಾಲ್ವು ರಿಪೇರಿ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ಮಾಲಿಕ ಧನಂಜಯ ಶೆಟ್ಟಿ, ಕಾಪು ಕಡೆಯವರು, ಯಾವಾಗಲೂ ಗಡಿಬಿಡಿ.

ಸೇರಿದ ಕೆಲವೇ ದಿನಗಳಲ್ಲಿ ಒಂದು ಅರ್ಜೆಂಟ್ ವಾಲ್ವು ಬಂತು. ಬಿಚ್ಚಿ ನೋಡಿದರೆ ಒಳಗಿನ ಸೀಟು, ಅಂದರೆ ವಾಲ್ವು ಬಿಗಿಯಾಗಿ ಮುಚ್ಚಿಕೊಳ್ಳಲು ಇರುವ ಬಳೆ, ಸವೆದಿತ್ತು. ಧನಂಜಯ ಶೆಟ್ಟರು ಬಾಗಿಲಲ್ಲೇ ನಿಂತು, "ಹಾಗೇ ಪಾಲಿಶ್ ಮಾಡಿ ಕಳಿಸುವನಾ? ಸಾಯಂಕಾಲಕ್ಕೆ ಬೇಕಂತೆ" ಎಂದು ಕೇಳಿದರು.

ಲತೇಶನ ನಾಲಿಗೆಯ ತುದಿಗೆ 'ಸರಿ ಸರ್' ಬಂದೇಬಿಟ್ಟಿತು. ಅದನ್ನು ನುಂಗಿದ. ಸೀಟು ಸವೆದರೆ ಏನಾಗುತ್ತದೆ, ಯಾರ ಜೀವಕ್ಕೆ ಅಪಾಯ, ಕಾನೂನು ಏನು ಹೇಳುತ್ತದೆ, ತನ್ನನ್ನು ಕೆಲಸದಿಂದ ತೆಗೆದರೂ ಪರವಾಗಿಲ್ಲ ಎಂಬಲ್ಲಿಯವರೆಗೆ ಒಂದು ದೊಡ್ಡ ವಾದವನ್ನೇ ಮನಸ್ಸಿನಲ್ಲಿ ಜೋಡಿಸಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದ:

"ಆಗುದಿಲ್ಲ ಸರ್."

ಧನಂಜಯ ಶೆಟ್ಟರು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಆಗುದಿಲ್ವಾ? ಹಾಗಾದ್ರೆ ಬೇಡ. ಹೊಸ ಸೀಟು ಹಾಕಿ. ನಾನು ಅವರಿಗೆ ನಾಳೆ ಅಂತ ಹೇಳ್ತೇನೆ," ಎಂದು ಹೊರಟೇ ಹೋದರು.

ಲತೇಶ್ ವಾಲ್ವಿನ ಮುಂದೆ ನಿಂತೇ ಇದ್ದ. ಜೋಡಿಸಿಟ್ಟ ವಾದವೆಲ್ಲ ಹಾಗೇ ಉಳಿದಿತ್ತು; ಅದನ್ನು ಕೇಳುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವನಿಗೆ ನಗು ಬಂತು. ಮೆತ್ತಗೆ ಶುರುವಾದದ್ದು ತಡೆಯಲಾಗದೆ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟಾಯಿತು. ಪಕ್ಕದ ಬೆಂಚಿನ ಫಿಲಿಪ್ಪೀನ್ಸಿನ ಮೆಕ್ಯಾನಿಕ್ ಗಾಬರಿಯಾಗಿ ಗ್ರೈಂಡರ್ ನಿಲ್ಲಿಸಿದ.

"ಬಾಸ್, ಯು ಓಕೆ?"

ಲತೇಶ್ ತೋಳಿನಿಂದ ಮುಖ ಒರೆಸಿಕೊಂಡು, ಓಕೆ ಎಂದು ಕೈ ಮಾಡಿ, ಹೊಸ ಸೀಟು ಹುಡುಕಲು ಸ್ಟೋರಿನ ಕಡೆ ನಡೆದ.